ವೈಜ್ಞಾನಿಕ ಕಥೆಗಳಲ್ಲಿ ಬಾಹ್ಯಾಕಾಶ ನೌಕೆಯ ವಿನ್ಯಾಸ

ವೈಜ್ಞಾನಿಕ ಕಥೆಗಳಲ್ಲಿ ಬರುವ ಬಾಹ್ಯಾಕಾಶ ನೌಕೆಯು ಗ್ರಹಗಳ ಅಥವಾ ನಕ್ಷತ್ರಗಳ ನಡುವಿನ ಪ್ರಯಾಣಕ್ಕಾಗಿ ಲೇಖಕರು, ಚಿತ್ರಕಾರರು ಮತ್ತು ಚಲನಚಿತ್ರ ನಿರ್ಮಾಪಕರು ಕಲ್ಪಿಸಿಕೊಂಡ ವಾಹನವಾಗಿದೆ. ಇಂತಹ ನೌಕೆಗಳ ಆಕಾರವು ಬಹುಮಟ್ಟಿಗೆ ಭೌತಶಾಸ್ತ್ರದ ನಿಯಮಗಳಿಗಿಂತ ಹಿಂದಿನ ಕೃತಿಗಳ ನೆನಪಿನಿಂದ ರೂಪುಗೊಂಡಿದೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲದ ಕಾರಣ ಅಲ್ಲಿ ಚಲಿಸುವ ವಾಹನಕ್ಕೆ ಚೂಪಾದ ಮೂತಿಯಾಗಲಿ ರೆಕ್ಕೆಯಾಗಲಿ ಬೇಕಾಗುವುದಿಲ್ಲ. 1969ರಲ್ಲಿ ಚಂದ್ರನ ಮೇಲೆ ಇಳಿದ ಅಪೊಲೊ ಯೋಜನೆಯ ಚಂದ್ರಕೋಶವು ಜೇಡದಂತೆ ಕಾಲು ಚಾಚಿದ, ಯಾವ ನಯವೂ ಇಲ್ಲದ ಒಂದು ಪೆಟ್ಟಿಗೆಯಂತಿತ್ತು. ಆಕಾರದ ಕಟ್ಟುಪಾಡೇ ಇಲ್ಲದ ಈ ಕ್ಷೇತ್ರದಲ್ಲಿ ಕಾಲ್ಪನಿಕ ನೌಕೆಗಳು ಪರಸ್ಪರ ಇಷ್ಟೊಂದು ಹೋಲುವುದಕ್ಕೆ ಕಾರಣ, ವಿನ್ಯಾಸಕರು ಒಬ್ಬರಿಂದ ಒಬ್ಬರು ಪಡೆದ ಎರವಲು. ಕೆಲವೊಮ್ಮೆ ಹಿಂದಿನ ಕೃತಿಯನ್ನು ಹೋಲಬಾರದೆಂಬ ಎಚ್ಚರಿಕೆಯೂ ಹೊಸ ಆಕಾರಗಳಿಗೆ ಜನ್ಮ ನೀಡಿದೆ.

ಫಿರಂಗಿಯ ಗುಂಡು

ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1865ರಲ್ಲಿ ಪ್ರಕಟಿಸಿದ ‘ಭೂಮಿಯಿಂದ ಚಂದ್ರನಿಗೆ’ ಕಾದಂಬರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಿರ್ಮಿಸಿದ 900 ಅಡಿ ಉದ್ದದ ಫಿರಂಗಿಯಿಂದ ಅಲ್ಯೂಮಿನಿಯಂ ಗುಂಡೊಂದನ್ನು ಹಾರಿಸಲಾಗುತ್ತದೆ. ಪ್ರಯಾಣಿಕರು ಆ ಗುಂಡಿನೊಳಗೇ ಕುಳಿತಿರುತ್ತಾರೆ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1901ರ ‘ಚಂದ್ರನಲ್ಲಿ ಮೊದಲ ಮಾನವರು’ ಕಾದಂಬರಿಯಲ್ಲಿ ಗುರುತ್ವವನ್ನು ತಡೆಯುವ ಕಾಲ್ಪನಿಕ ವಸ್ತುವಿನಿಂದ ನಡೆಯುವ ಗೋಳಾಕಾರದ ವಾಹನವನ್ನು ಕಲ್ಪಿಸಿದರು. ಜಾರ್ಜ್ ಮೆಲಿಯೆ ಅವರ 1902ರ ಮೂಕಿಚಿತ್ರ ‘ಚಂದ್ರಯಾತ್ರೆ’ಯು ವರ್ನ್ ಅವರಿಂದ ಫಿರಂಗಿ ಮತ್ತು ಗುಂಡನ್ನೂ, ವೆಲ್ಸ್ ಅವರಿಂದ ಚಂದ್ರವಾಸಿಗಳನ್ನೂ ತೆಗೆದುಕೊಂಡಿತು. ಹೀಗೆ ಬಾಹ್ಯಾಕಾಶ ನೌಕೆಯನ್ನು ತೆರೆಯ ಮೇಲೆ ತೋರಿಸಿದ ಆರಂಭದ ಚಿತ್ರಗಳಲ್ಲೇ ಎರವಲು ಕಾಣಿಸಿಕೊಂಡಿದೆ. ಫಿರಂಗಿಯ ಹೊಡೆತಕ್ಕೆ ಒಳಗಿರುವ ಮನುಷ್ಯ ಬದುಕುಳಿಯಲಾರ ಎಂಬುದು ಈ ಕಲ್ಪನೆಯ ಜನಪ್ರಿಯತೆಗೆ ಅಡ್ಡಿಯಾಗಲಿಲ್ಲ.

ವಿ-2 ಕ್ಷಿಪಣಿಯ ಆಕಾರ

ಮಕ್ಕಳಿಗೆ ರಾಕೆಟ್ ಬರೆಯಲು ಹೇಳಿದರೆ ಇಂದಿಗೂ ಹೆಚ್ಚಿನವರು ಬರೆಯುವುದು ನಡು ಉಬ್ಬಿದ, ಮೂತಿ ಚೂಪಾದ, ಬುಡದಲ್ಲಿ ಈಜುರೆಕ್ಕೆಗಳಿರುವ ಒಂದು ಆಕೃತಿಯನ್ನು. ಈ ಆಕೃತಿ ಜನಮನದಲ್ಲಿ ನೆಲೆಯೂರಿದ ಬಗೆಯಲ್ಲಿ ಚಲನಚಿತ್ರ, ವಿಜ್ಞಾನ ಮತ್ತು ಯುದ್ಧ ಮೂರೂ ಹೆಣೆದುಕೊಂಡಿವೆ.

ಜರ್ಮನಿಯ ನಿರ್ದೇಶಕ ಫ್ರಿಟ್ಜ್ ಲ್ಯಾಂಗ್ 1929ರಲ್ಲಿ ‘ಚಂದ್ರನಲ್ಲಿ ಮಹಿಳೆ’ ಎಂಬ ಮೂಕಿಚಿತ್ರವನ್ನು ತೆರೆಗೆ ತಂದರು. 1923ರಲ್ಲಿ ರಾಕೆಟ್ ಪ್ರಯಾಣದ ಕುರಿತು ಗ್ರಂಥ ಪ್ರಕಟಿಸಿದ್ದ ಹರ್ಮನ್ ಓಬರ್ತ್ ಆ ಚಿತ್ರಕ್ಕೆ ತಾಂತ್ರಿಕ ಸಲಹೆಗಾರರಾಗಿದ್ದರು. ಹಲವು ಹಂತಗಳಲ್ಲಿ ಕಳಚಿಕೊಳ್ಳುವ ದ್ರವ ಇಂಧನದ ರಾಕೆಟ್, ಅದನ್ನು ನೆಟ್ಟಗೆ ನಿಲ್ಲಿಸಿ ಹೊರತರುವ ಬೃಹತ್ ಕಟ್ಟಡ, ಸೊನ್ನೆಯವರೆಗೆ ಹಿಮ್ಮುಖವಾಗಿ ಎಣಿಸುವ ಕ್ರಮ ಇವೆಲ್ಲ ಆ ಚಿತ್ರದಲ್ಲಿ ಕಾಣಿಸಿಕೊಂಡವು. ಓಬರ್ತ್ ಅವರ ಪ್ರಯೋಗಗಳಿಗೆ ನೆರವಾಗಿದ್ದ ತರುಣರಲ್ಲಿ ವರ್ನರ್ ಫಾನ್ ಬ್ರೌನ್ ಒಬ್ಬರು. ಮುಂದೆ ಅವರ ತಂಡವು ಜರ್ಮನ್ ಸೇನೆಗಾಗಿ ಸುಮಾರು 14 ಮೀಟರ್ ಎತ್ತರದ ವಿ-2 ಕ್ಷಿಪಣಿಯನ್ನು ನಿರ್ಮಿಸಿತು. 1942ರ ಅಕ್ಟೋಬರ್ 3ರಂದು ಪೇನಮುಂಡೆಯಿಂದ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿದ ವಿ-2ರ ಬುಡದ ಮೇಲೆ ‘ಚಂದ್ರನಲ್ಲಿ ಮಹಿಳೆ’ಯ ಲಾಂಛನವನ್ನು ಬಿಡಿಸಲಾಗಿತ್ತು.

ಯುದ್ಧಾನಂತರ ಅಮೆರಿಕವು ವಶಪಡಿಸಿಕೊಂಡ ವಿ-2ಗಳನ್ನು ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ಹಾರಿಸಿತು. ಆ ಉಡಾವಣೆಗಳ ಛಾಯಾಚಿತ್ರಗಳು ಜನರು ಕಂಡ ಮೊದಲ ನಿಜವಾದ ದೊಡ್ಡ ರಾಕೆಟ್ಟಿನ ಚಿತ್ರಗಳಾಗಿದ್ದವು. 1950ರ ದಶಕದ ಕಡಿಮೆ ವೆಚ್ಚದ ಚಿತ್ರಗಳು ಉಡಾವಣೆಯ ದೃಶ್ಯಕ್ಕೆ ವಿ-2ರ ತುಣುಕುಗಳನ್ನೇ ಸೇರಿಸಿಕೊಳ್ಳುತ್ತಿದ್ದವು. ಜಾರ್ಜ್ ಪಾಲ್ ನಿರ್ಮಿಸಿದ ‘ಡೆಸ್ಟಿನೇಶನ್ ಮೂನ್’ (1950) ಚಿತ್ರದ ಬೆಳ್ಳಿಬಣ್ಣದ ನೌಕೆ ಇದೇ ಕುಲಕ್ಕೆ ಸೇರಿದ್ದು. 1953ರಿಂದ ವೈಜ್ಞಾನಿಕ ಕಥೆಗಳಿಗೆ ನೀಡಲಾಗುತ್ತಿರುವ ಹ್ಯೂಗೊ ಪ್ರಶಸ್ತಿಯ ಫಲಕವೂ ಈಜುರೆಕ್ಕೆಗಳುಳ್ಳ ರಾಕೆಟ್ಟೇ ಆಗಿದೆ.

ಬೆಲ್ಜಿಯಂನ ಚಿತ್ರಕಾರ ಎರ್ಜೆ ಅವರ ಟಿನ್‌ಟಿನ್ ಸಾಹಸಗಳಲ್ಲಿ ಬರುವ ಚಂದ್ರನೌಕೆಯಲ್ಲಿ ಈ ಎರವಲನ್ನು ಸ್ಪಷ್ಟವಾಗಿ ಗುರುತಿಸಬಹುದು. 1953 ಮತ್ತು 1954ರಲ್ಲಿ ಪುಸ್ತಕರೂಪದಲ್ಲಿ ಬಂದ ಈ ಎರಡು ಭಾಗಗಳ ಕಥೆಗಾಗಿ ಎರ್ಜೆ ಅಂದಿನ ಬಾಹ್ಯಾಕಾಶ ಗ್ರಂಥಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರು. ಆ ನೌಕೆಯ ಒಡಲು ವಿ-2ರದ್ದು. ನಾಲ್ಕು ಈಜುರೆಕ್ಕೆಗಳ ಬದಲು ಮೂರು ಕಾಲುಗಳಿವೆ. ಅದರ ಮೇಲಿರುವ ಕೆಂಪು-ಬಿಳಿ ಚೌಕಗಳೂ ಬರಿಯ ಅಲಂಕಾರವಲ್ಲ. ಪರೀಕ್ಷಾರ್ಥ ವಿ-2ಗಳು ಹಾರುವಾಗ ತಮ್ಮ ಸುತ್ತ ಎಷ್ಟು ತಿರುಗುತ್ತಿವೆ ಎಂಬುದನ್ನು ನೆಲದಿಂದ ಗುರುತಿಸಲು ಅವುಗಳಿಗೆ ಕಪ್ಪು-ಬಿಳಿ ಚೌಕಗಳನ್ನು ಬಳಿಯಲಾಗುತ್ತಿತ್ತು.

ಇಷ್ಟು ಮುದ್ದಾಗಿ ಕಾಣುವ ಈ ಆಕೃತಿಯ ಮೂಲವನ್ನು ಹೇಳುವಾಗ ಒಂದು ಸಂಗತಿಯನ್ನು ಬಿಡುವಂತಿಲ್ಲ. ವಿ-2 ಲಂಡನ್ ಮತ್ತು ಆಂಟ್‌ವರ್ಪ್ ನಗರಗಳ ಮೇಲೆ ಸುರಿದ ಅಸ್ತ್ರ. ಅದನ್ನು ಮಿಟ್ಟೆಲ್‌ಬೌ-ಡೋರಾ ಸೆರೆಶಿಬಿರದ ಬಂಧಿಗಳಿಂದ ಸುರಂಗಗಳಲ್ಲಿ ಬಲವಂತವಾಗಿ ಮಾಡಿಸಲಾಯಿತು. ಅದರ ದಾಳಿಯಲ್ಲಿ ಸತ್ತವರಿಗಿಂತ ಅದರ ತಯಾರಿಕೆಯಲ್ಲಿ ಸತ್ತವರೇ ಹೆಚ್ಚು ಎಂಬುದು ಇತಿಹಾಸಕಾರರ ಅಂದಾಜು. ಯುದ್ಧ ಮುಗಿದು ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಆಕಾರ ಮಕ್ಕಳ ಪುಸ್ತಕಗಳ ಮುಖಪುಟವೇರಿತ್ತು.

ಚಕ್ರಾಕಾರದ ನಿಲ್ದಾಣ

ತಿರುಗುವ ಚಕ್ರದಂತಹ ಬಾಹ್ಯಾಕಾಶ ನಿಲ್ದಾಣದ ಕಲ್ಪನೆಯೂ ಎಂಜಿನಿಯರುಗಳ ರೇಖಾಚಿತ್ರಗಳಿಂದ ಕಥೆಗಳಿಗೆ ಬಂದದ್ದು. ನೂರ್ಡುಂಗ್ ಎಂಬ ಹೆಸರಿನಲ್ಲಿ ಬರೆದ ಹರ್ಮನ್ ಪೊಟೊಚ್ನಿಕ್ 1920ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ವಾಸಚಕ್ರ’ವೊಂದನ್ನು ವಿವರಿಸಿದ್ದರು. ಚಕ್ರ ತಿರುಗಿದಾಗ ಅದರ ಅಂಚಿನಲ್ಲಿರುವವರಿಗೆ ತೂಕದ ಅನುಭವವಾಗುತ್ತದೆ ಎಂಬುದು ಇದರ ತತ್ತ್ವ. ಫಾನ್ ಬ್ರೌನ್ 1952ರಲ್ಲಿ ಅಮೆರಿಕದ ‘ಕಾಲಿಯರ್ಸ್’ ಪತ್ರಿಕೆಯಲ್ಲಿ 250 ಅಡಿ ವ್ಯಾಸದ ಇಂತಹುದೇ ಚಕ್ರವನ್ನು ಮಂಡಿಸಿದರು. ಅಲ್ಲಿಂದ ಅದು ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರಕ್ಕೆ ಬಂದಿತು. 2014ರ ‘ಇಂಟರ್‌ಸ್ಟೆಲ್ಲರ್’ ಚಿತ್ರದಲ್ಲಿ ಹನ್ನೆರಡು ಕೋಶಗಳ ಉಂಗುರದಂತಿರುವ ನೌಕೆಯು ಈ ಪರಂಪರೆಯ ಈಚಿನ ರೂಪಗಳಲ್ಲೊಂದು.

ಹಾರುವ ತಟ್ಟೆ ಮತ್ತು ಎಂಟರ್‌ಪ್ರೈಸ್

1947ರ ಜೂನ್ 24ರಂದು ಅಮೆರಿಕದ ಕೆನೆತ್ ಅರ್ನಾಲ್ಡ್ ಎಂಬ ವಿಮಾನ ಚಾಲಕರು ರೇನಿಯರ್ ಪರ್ವತದ ಬಳಿ ಒಂಬತ್ತು ವಿಚಿತ್ರ ವಸ್ತುಗಳು ಹಾರಿದ್ದನ್ನು ಕಂಡುದಾಗಿ ಹೇಳಿದರು. ನೀರಿನ ಮೇಲೆ ಎಸೆದ ತಟ್ಟೆಯಂತೆ ಅವು ಪುಟಿಯುತ್ತಿದ್ದವು ಎಂದು ಅವರು ವರ್ಣಿಸಿದ್ದು ಚಲನೆಯನ್ನೇ ಹೊರತು ಆಕಾರವನ್ನಲ್ಲ. ಪತ್ರಿಕೆಗಳು ಅದನ್ನು ‘ಹಾರುವ ತಟ್ಟೆ’ ಎಂದು ಕರೆದವು, ಆ ಬಳಿಕ ಜನರಿಗೂ ತಟ್ಟೆಗಳೇ ಕಾಣತೊಡಗಿದವು. 1951ರ ‘ದ ಡೇ ದ ಅರ್ಥ್ ಸ್ಟುಡ್ ಸ್ಟಿಲ್’ ಚಿತ್ರದಲ್ಲಿ ಅನ್ಯಗ್ರಹದ ಅತಿಥಿ ತಟ್ಟೆಯಲ್ಲಿ ಬಂದಿಳಿದರೆ, 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದಲ್ಲಿ ಮನುಷ್ಯರೇ ತಟ್ಟೆಯಲ್ಲಿ ಕುಳಿತು ಬೇರೆ ಗ್ರಹಕ್ಕೆ ಹೋಗುತ್ತಾರೆ.

ಈ ಎರಡನೆಯ ಚಿತ್ರ 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ ಸ್ಫೂರ್ತಿಗಳಲ್ಲೊಂದಾಯಿತು. ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ತಮ್ಮ ಕಲಾನಿರ್ದೇಶಕ ಮ್ಯಾಟ್ ಜೆಫ್ರೀಸ್ ಅವರಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಬೇಡವಾದುದನ್ನು ತಿಳಿಸಿದ್ದರು: ಈಜುರೆಕ್ಕೆ ಬೇಡ, ಬೆಂಕಿಯುಗುಳುವ ರಾಕೆಟ್ ಬೇಡ. ಜೆಫ್ರೀಸ್ ‘ಬಕ್ ರೋಜರ್ಸ್’ ಮತ್ತು ‘ಫ್ಲ್ಯಾಶ್ ಗಾರ್ಡನ್’ ಚಿತ್ರಕಥೆಗಳ ನೌಕೆಗಳನ್ನು ಮುಂದಿಟ್ಟುಕೊಂಡದ್ದು ಅವನ್ನು ಹೋಲದಿರಲೆಂದೇ. ಅಪಾಯಕಾರಿಯಾದ ಎಂಜಿನ್‌ಗಳು ಸಿಬ್ಬಂದಿಯಿಂದ ದೂರವಿರಬೇಕೆಂದು ಅವನ್ನು ತೋಳುಗಳ ತುದಿಗೆ ಸರಿಸಿದರು. ದುರಸ್ತಿ ಒಳಗಿನಿಂದಲೇ ನಡೆಯಬೇಕೆಂದು ಹೊರಮೈಯನ್ನು ನುಣುಪಾಗಿಟ್ಟರು. ತಟ್ಟೆ ಮಾತ್ರ ಉಳಿದುಕೊಂಡಿತು. ಎಂಟರ್‌ಪ್ರೈಸ್ ಎಂಬ ಹೆಸರು ಅಮೆರಿಕದ ನೌಕಾಪಡೆಯ ವಿಮಾನವಾಹಕ ಹಡಗುಗಳಿಗೆ ಇದ್ದದ್ದು. 1976ರಲ್ಲಿ ಅಭಿಮಾನಿಗಳ ಪತ್ರ ಚಳವಳಿಯ ಫಲವಾಗಿ ನಾಸಾದ ಮೊದಲ ಪ್ರಾಯೋಗಿಕ ಷಟಲ್‌ಗೂ ಅದೇ ಹೆಸರನ್ನಿಡಲಾಯಿತು.

ಹಡಗಿನ ಪರಿಭಾಷೆಯ ಸೆಳೆತ ಎಲ್ಲೆಡೆಯೂ ಇದೆ. ಕಪ್ತಾನ, ಅಟ್ಟ, ಬಂದರು ಮುಂತಾದ ಪದಗಳು ಕಡಲಿನಿಂದ ಬಂದವು. ಕನ್ನಡದಲ್ಲಿಯೂ ನಾವು ‘ನೌಕೆ’ ಎಂದೇ ಅನ್ನುತ್ತೇವೆ. 1974ರ ಜಪಾನಿ ಧಾರಾವಾಹಿ ‘ಬಾಹ್ಯಾಕಾಶ ಯುದ್ಧನೌಕೆ ಯಮಾಟೊ’ ಇದನ್ನು ಅಕ್ಷರಶಃ ತೆಗೆದುಕೊಂಡಿತು. 1945ರ ಏಪ್ರಿಲ್ 7ರಂದು ಮುಳುಗಿದ ನಿಜವಾದ ಯಮಾಟೊ ಹಡಗಿನ ರೂಪದಲ್ಲೇ, ಫಿರಂಗಿ ಗೋಪುರಗಳ ಸಮೇತ, ಅದರ ನೌಕೆ ನಕ್ಷತ್ರಗಳತ್ತ ಹೊರಡುತ್ತದೆ.

‘2001’ರ ನಂತರ

ಕ್ಯೂಬ್ರಿಕ್ ಮತ್ತು ಆರ್ಥರ್ ಸಿ. ಕ್ಲಾರ್ಕ್ ‘2001’ಕ್ಕಾಗಿ ಬಾಹ್ಯಾಕಾಶ ಯೋಜನೆಯಲ್ಲಿ ದುಡಿದಿದ್ದ ಹ್ಯಾರಿ ಲಾಂಗೆ ಮತ್ತು ಫ್ರೆಡರಿಕ್ ಆರ್ಡ್ವೇ ಅವರ ನೆರವು ಪಡೆದರು. ಡಿಸ್ಕವರಿ ನೌಕೆಯಲ್ಲಿ ಸಿಬ್ಬಂದಿಯ ಗೋಳ ಒಂದು ತುದಿಗೆ, ಪರಮಾಣು ಎಂಜಿನ್ ಇನ್ನೊಂದು ತುದಿಗೆ, ನಡುವೆ ಉದ್ದನೆಯ ಬೆನ್ನೆಲುಬು. ಇಂತಹ ಎಂಜಿನ್ನಿನ ಶಾಖವನ್ನು ಹೊರಚೆಲ್ಲಲು ದೊಡ್ಡ ಫಲಕಗಳು ಅಗತ್ಯ. ಮೊದಲ ರೇಖಾಚಿತ್ರಗಳಲ್ಲಿದ್ದ ಆ ಫಲಕಗಳನ್ನು ಪ್ರೇಕ್ಷಕರು ರೆಕ್ಕೆಗಳೆಂದು ಭಾವಿಸಿ ಗೊಂದಲಕ್ಕೊಳಗಾಗುವರೆಂಬ ಕಾರಣಕ್ಕೆ ಕೈಬಿಡಲಾಯಿತು. ನಿಖರತೆಗೆ ಹೆಸರಾದ ಚಿತ್ರವೂ ಹಳೆಯ ಚಿತ್ರಗಳು ಬೆಳೆಸಿದ ಕಣ್ಣಿಗೆ ಮಣಿಯಬೇಕಾಯಿತು.

ಆ ಚಿತ್ರದಲ್ಲಿ ಕೆಲಸ ಮಾಡಿದವರು ಅದರ ಶೈಲಿಯನ್ನು ಬೇರೆಡೆಗೆ ಒಯ್ದರು. ಡಗ್ಲಸ್ ಟ್ರಂಬುಲ್ 1972ರಲ್ಲಿ ‘ಸೈಲೆಂಟ್ ರನ್ನಿಂಗ್’ ನಿರ್ದೇಶಿಸಿದರು. ಅದರ ಒಳದೃಶ್ಯಗಳನ್ನು ಒಡೆಯಲು ನಿಗದಿಯಾಗಿದ್ದ ವ್ಯಾಲಿ ಫೋರ್ಜ್ ಎಂಬ ವಿಮಾನವಾಹಕ ಹಡಗಿನಲ್ಲೇ ಚಿತ್ರೀಕರಿಸಲಾಯಿತು, ಕಥೆಯ ನೌಕೆಗೂ ಅದೇ ಹೆಸರು. ಅದರ ತುಣುಕುಗಳು 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಧಾರಾವಾಹಿಯಲ್ಲಿ ಮತ್ತೆ ಬಳಕೆಯಾದವು. ಬ್ರಿಟನ್ನಿನ ಬ್ರಯಾನ್ ಜಾನ್ಸನ್ ‘ಥಂಡರ್‌ಬರ್ಡ್ಸ್’ ಮತ್ತು ‘2001’ರಲ್ಲಿ ದುಡಿದು, ಬಳಿಕ ‘ಸ್ಪೇಸ್: 1999’ ಧಾರಾವಾಹಿಗೆ (1975) ಈಗಲ್ ಎಂಬ ವಾಹನವನ್ನು ರೂಪಿಸಿದರು. ಮುಂದೆ ಚಾಲಕರ ಕೋಶ, ನಡುವೆ ಬದಲಿಸಬಹುದಾದ ಸರಕು ಪೆಟ್ಟಿಗೆ, ಅದರ ಸುತ್ತ ಸರಳುಗಳ ಚೌಕಟ್ಟು, ಹಿಂದೆ ಎಂಜಿನ್ ಇದು ಅದರ ಸ್ವರೂಪ.

ಜಾರ್ಜ್ ಲೂಕಸ್ ಅವರ ‘ಸ್ಟಾರ್ ವಾರ್ಸ್’ (1977) ಚಿತ್ರದ ಮಿಲೇನಿಯಂ ಫಾಲ್ಕನ್ ನೌಕೆಯೂ ಮೊದಲಿಗೆ ಉದ್ದನೆಯ ಒಡಲು, ಮುಂದೆ ಚಾಲಕರ ಕೋಶ, ಹಿಂದೆ ಎಂಜಿನ್‌ಗಳ ಗೊಂಚಲು ಹೊಂದಿತ್ತು. ಅದರ ಮಾದರಿ ಸಿದ್ಧವಾಗಿದ್ದ ವೇಳೆಗೆ ‘ಸ್ಪೇಸ್: 1999’ ಪ್ರಸಾರವಾಗತೊಡಗಿತು. ಫಾಲ್ಕನ್ ಈಗಲ್ ಅನ್ನು ತೀರ ಹೋಲುತ್ತದೆಂದು ಕಂಡ ಲೂಕಸ್ ಹೊಸ ವಿನ್ಯಾಸ ಬೇಕೆಂದರು. ಜೋ ಜಾನ್‌ಸ್ಟನ್ ಅಲ್ಪಾವಧಿಯಲ್ಲಿ ತಟ್ಟೆಯಾಕಾರದ, ಚಾಲಕರ ಕೋಶ ಬಲಬದಿಗೆ ಸರಿದ ಈಗಿನ ರೂಪವನ್ನು ಕೊಟ್ಟರು. ಹಳೆಯ ಮಾದರಿಯನ್ನು ಎಸೆಯಲಿಲ್ಲ. ಅದರ ಕೋಶವನ್ನು ಕಿತ್ತು ಹೊಸ ಫಾಲ್ಕನ್‌ಗೆ ಜೋಡಿಸಿ, ಅದಕ್ಕೆ ಸುತ್ತಿಗೆಯಂತಹ ತಲೆಯನ್ನಿಟ್ಟರು. ಚಿತ್ರದ ಮೊದಲ ದೃಶ್ಯದಲ್ಲಿ ಶತ್ರುನೌಕೆ ಬೆನ್ನಟ್ಟುವ ಬಂಡುಕೋರರ ನೌಕೆ ಅದೇ. ಜಾನ್ಸನ್ ಮುಂದೆ ‘ಸ್ಟಾರ್ ವಾರ್ಸ್’ ಸರಣಿಯ ಎರಡನೆಯ ಚಿತ್ರಕ್ಕೂ ಕೆಲಸ ಮಾಡಿದರು.

ಮಾದರಿಗಳ ಹೊರಮೈಗೆ ಅಂಗಡಿಯಲ್ಲಿ ದೊರೆಯುವ ಟ್ಯಾಂಕ್, ವಿಮಾನ, ಹಡಗುಗಳ ಪ್ಲಾಸ್ಟಿಕ್ ಜೋಡಣಾ ಕಿಟ್‌ಗಳ ಬಿಡಿಭಾಗಗಳನ್ನು ಅಂಟಿಸುವ ಕ್ರಮವೂ ಬ್ರಿಟನ್ನಿನ ಈ ಕಾರ್ಯಾಗಾರಗಳಿಂದ ‘2001’ರ ಮೂಲಕ ‘ಸ್ಟಾರ್ ವಾರ್ಸ್’ವರೆಗೆ ಹಬ್ಬಿತು. ಈ ಚಿತ್ರಗಳ ಅನೇಕ ನೌಕೆಗಳ ಮೈಮೇಲೆ ಎರಡನೆಯ ಮಹಾಯುದ್ಧದ ವಾಹನಗಳ ಅವಯವಗಳು ಅಂಟಿಕೊಂಡಿವೆ.

ಹಕ್ಕಿನ ಪ್ರಶ್ನೆ

‘ಗ್ಯಾಲಕ್ಟಿಕಾ’ ಪ್ರಸಾರವಾದಾಗ ‘ಸ್ಟಾರ್ ವಾರ್ಸ್’ನ ಹಂಚಿಕೆದಾರ ಟ್ವೆಂಟಿಯತ್ ಸೆಂಚುರಿ ಫಾಕ್ಸ್, ಯೂನಿವರ್ಸಲ್ ಸಂಸ್ಥೆಯ ವಿರುದ್ಧ ಕೃತಿಸ್ವಾಮ್ಯದ ದಾವೆ ಹೂಡಿತು. ಎರಡಕ್ಕೂ ರಾಲ್ಫ್ ಮಕ್ವಾರಿ ಚಿತ್ರ ಬರೆದಿದ್ದರು, ಜಾನ್ ಡೈಕ್‌ಸ್ಟ್ರಾ ದೃಶ್ಯತಂತ್ರ ನಿರ್ವಹಿಸಿದ್ದರು. ‘ಸ್ಟಾರ್ ವಾರ್ಸ್’ ಕೂಡ ‘ಸೈಲೆಂಟ್ ರನ್ನಿಂಗ್’ ಮತ್ತು ಹಳೆಯ ‘ಬಕ್ ರೋಜರ್ಸ್’ನಿಂದ ಪಡೆದಿದೆಯೆಂದು ಯೂನಿವರ್ಸಲ್ ಪ್ರತಿದಾವೆ ಹೂಡಿತು. ಕೃತಿಸ್ವಾಮ್ಯವು ಅಭಿವ್ಯಕ್ತಿಯನ್ನು ರಕ್ಷಿಸುತ್ತದೆ, ಕಲ್ಪನೆಯನ್ನಲ್ಲ. ಕೆಳ ನ್ಯಾಯಾಲಯ ಫಾಕ್ಸ್‌ನ ದಾವೆಯನ್ನು ವಿಚಾರಣೆಯಿಲ್ಲದೆ ತಳ್ಳಿಹಾಕಿದರೂ, 1983ರಲ್ಲಿ ಮೇಲ್ಮನವಿ ನ್ಯಾಯಾಲಯವು ಗಡಿ ಎಲ್ಲಿದೆಯೆಂಬುದು ವಿಚಾರಣೆಯಲ್ಲೇ ತೀರ್ಮಾನವಾಗಬೇಕಾದ ಪ್ರಶ್ನೆ ಎಂದಿತು.

ವಿಡಂಬನೆಗೆ ಇಂತಹ ತೊಡಕು ಕಡಿಮೆ. ‘ಸ್ಪೇಸ್‌ಬಾಲ್ಸ್’ (1987) ಚಿತ್ರದ ಆರಂಭದಲ್ಲಿ ಎಷ್ಟು ಹೊತ್ತಾದರೂ ಮುಗಿಯದೆ ಹಾದುಹೋಗುವ ನೌಕೆಯನ್ನು ಕಂಡು ನಗಲು ಪ್ರೇಕ್ಷಕನಿಗೆ ‘ಸ್ಟಾರ್ ವಾರ್ಸ್’ನ ಮೊದಲ ದೃಶ್ಯ ನೆನಪಿರಬೇಕು. ‘2001’ ಕೈಬಿಟ್ಟ ಶಾಖಫಲಕಗಳು 2009ರ ‘ಅವತಾರ್’ ಚಿತ್ರದ ವೆಂಚರ್ ಸ್ಟಾರ್ ನೌಕೆಯಲ್ಲಿ ಕೆಂಪಗೆ ಹೊಳೆಯುತ್ತ ಕಾಣಿಸಿಕೊಂಡವು.