ಎರೆನೆಲದ ಬಿರುಕು, ಹಿಮನೆಲದ ಬಿರುಕು

ಹೈದರಾಬಾದಿಗೆ ದಕ್ಷಿಣದಲ್ಲಿರುವ ಶಂಶಾಬಾದಿನ ಪರಿಸರ ಗ್ರಾನೈಟ್ ಶಿಲೆಯ ನಾಡು. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಹೆಬ್ಬಂಡೆಗಳು, ಅವುಗಳ ನಡುವೆ ತೆಳುವಾದ ಕೆಮ್ಮಣ್ಣು. ತೆಲುಗು ರೈತರು ಇದನ್ನು ‘ಚಲ್ಕ’ ಎನ್ನುತ್ತಾರೆ. ಉತ್ತರ ಕರ್ನಾಟಕದ ‘ಮಸಾರಿ’ ಇದಕ್ಕೆ ಹತ್ತಿರದ್ದು. ಬಂಡೆಯ ಸೀಳುಗಳಲ್ಲಿ ಇಳಿದ ಮಳೆನೀರು ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿಸುತ್ತದೆ, ಕಬ್ಬಿಣದ ಅಂಶವನ್ನು ಕೆಂಪು ಆಕ್ಸೈಡಾಗಿ ಮಾರ್ಪಡಿಸುತ್ತದೆ. ಕರಗದ ಬೆಣಚುಕಲ್ಲು ಮರಳಾಗಿ ಉಳಿಯುತ್ತದೆ. ಇಲ್ಲಿ ನೀರಿನ ಕಾರ್ಯ ಮುಖ್ಯವಾಗಿ ರಾಸಾಯನಿಕವಾದುದು.

ಧ್ರುವಪ್ರದೇಶದ ಮರುಭೂಮಿಯಲ್ಲಿ ಇದೇ ನೀರು ಬೇರೆಯೇ ರೀತಿಯಲ್ಲಿ ವರ್ತಿಸುತ್ತದೆ. ಅಂಟಾರ್ಕ್ಟಿಕದ ಷಿರ್ಮಾಕರ್ ಓಯಸಿಸ್ ಸುಮಾರು 35 ಚದರ ಕಿಲೋಮೀಟರ್ ವಿಸ್ತಾರದ, ಹಿಮದ ಹೊದಿಕೆಯಿಲ್ಲದ ಬಂಡೆನೆಲ. ಭಾರತದ ‘ಮೈತ್ರಿ’ ಸಂಶೋಧನ ಕೇಂದ್ರ 1989ರಲ್ಲಿ ಕಾರ್ಯಾರಂಭ ಮಾಡಿದ್ದು ಇಲ್ಲಿಯೇ. ವರ್ಷದ ಬಹುಕಾಲ ನೀರು ಹೆಪ್ಪುಗಟ್ಟಿರುವುದರಿಂದ ರಾಸಾಯನಿಕ ಶಿಥಿಲೀಕರಣ ಮಂದ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಸೀಳಿನಲ್ಲಿ ಸಿಕ್ಕ ನೀರು ಬಂಡೆಯನ್ನೇ ಒಡೆಯುತ್ತದೆ. ಹೀಗಾಗಿ ಅಲ್ಲಿಯ ಮಣ್ಣು ಬಹುಪಾಲು ಕಲ್ಲು, ಗರಸು, ಮರಳು, ಸಸ್ಯಾಂಶ ಅತ್ಯಲ್ಪ. ಒಣಹವೆಯಲ್ಲಿ ತೇವ ಆರಿದಂತೆ ಮೇಲ್ಮೈಯಲ್ಲಿ ಉಪ್ಪು ಬಿಳಿಚಿ ನಿಲ್ಲುವುದೂ ಉಂಟು. ನಮ್ಮ ಸವುಳು ನೆಲವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಕನಿಷ್ಠ ಎರಡು ವರ್ಷ ಸತತವಾಗಿ 0 ಡಿಗ್ರಿ ಸೆಲ್ಸಿಯಸ್ಸಿಗೆ ಮೀರದೆ ಇರುವ ನೆಲವನ್ನು ನಿತ್ಯಹಿಮನೆಲ ಎನ್ನಬಹುದು. ಅದರ ಮೇಲಿನ ತೆಳುಪದರ ಮಾತ್ರ ಬೇಸಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಈ ಆವರ್ತನದಲ್ಲಿ ಕಲ್ಲುಗಳು ಮೇಲೆದ್ದು ಬರುತ್ತವೆ. ತೇವ ಸಾಕಷ್ಟಿರುವಲ್ಲಿ ಅವು ನುಣುಪು ಮಣ್ಣಿನಿಂದ ಬೇರ್ಪಟ್ಟು ಬಳೆಯಾಕಾರದಲ್ಲಿ ನೆಲೆಗೊಳ್ಳುತ್ತವೆ. ಕಡುಚಳಿಗೆ ನೆಲ ಕುಗ್ಗಿ ಬಹುಭುಜಾಕೃತಿಯಲ್ಲಿ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಮಂಜುಗಡ್ಡೆಯೋ ಮರಳೋ ತುಂಬಿ ವರ್ಷ ವರ್ಷಕ್ಕೂ ಅಗಲವಾಗುತ್ತವೆ.

ಇಂಥದೇ ಆಕೃತಿ ಕನ್ನಡನಾಡಿನಲ್ಲಿಯೂ ಇದೆ. ಶಂಶಾಬಾದಿನ ಗ್ರಾನೈಟ್ ನೆಲವನ್ನು ಬಿಟ್ಟು ಪಶ್ಚಿಮಕ್ಕೆ ಕಲಬುರಗಿಯತ್ತ ಸಾಗಿದರೆ ಬಸಾಲ್ಟ್ ಶಿಲೆಯಿಂದಾದ ಎರೆನೆಲ ಸಿಗುತ್ತದೆ. ಬೇಸಗೆಯಲ್ಲಿ ಅದೂ ಬಹುಭುಜಾಕೃತಿಯಲ್ಲಿ ಬಾಯ್ಬಿಡುತ್ತದೆ. ಮೇಲಿನ ಮಣ್ಣು ಬಿರುಕಿಗೆ ಬಿದ್ದು, ಮಳೆಗೆ ಜೇಡಿ ಹಿಗ್ಗಿದಾಗ ಒಳಮಣ್ಣು ಒತ್ತಡಕ್ಕೆ ಸರಿದು ಮೇಲೇಳುತ್ತದೆ. ನೆಲ ತನ್ನನ್ನು ತಾನೇ ಮಗುಚಿಕೊಳ್ಳುವ ಈ ಗುಣ ಎರಡೂ ಕಡೆ ಸಮಾನ. ಆದರೆ ಕಾರಣ ಬೇರೆ: ಅಲ್ಲಿ ಶೈತ್ಯ, ಇಲ್ಲಿ ಜೇಡಿಯ ತೇವ ಆರುವುದು.

ಈ ಭೇದ ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಎರೆನೆಲದಲ್ಲಿ ಮನೆ ಕಟ್ಟುವವರು ಎರೆಯನ್ನು ದಾಟಿ ಗಟ್ಟಿನೆಲದವರೆಗೆ ಪಾಯ ಅಗೆಯುತ್ತಾರೆ. ಸೈಬೀರಿಯದ ಯಾಕುತ್ಸ್ಕ್ ನಗರದಲ್ಲಾದರೋ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಮನೆಯ ಕಾವು ತಾಗಿ ಹಿಮನೆಲ ಕರಗಿದರೆ ಗೋಡೆ ಕುಸಿಯುತ್ತದೆ. ಭೂಮಿಯ ಉಷ್ಣತೆ ಏರುತ್ತಿರುವ ಇಂದು ಆ ಅಪಾಯ ಹೆಚ್ಚಿದೆ. ಬಿರುಕಿನ ಆಕಾರವನ್ನಷ್ಟೇ ನೋಡಿ ನೆಲದ ಸ್ವಭಾವವನ್ನು ನಿರ್ಣಯಿಸಲಾಗದು. ಆ ನೆಲದಲ್ಲಿ ನೀರು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ.