‘ಎಂಎಸ್ 6’ ಅಂದ್ರೆ ಯಾವ ಎಂಎಸ್ 6?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟಿಗೆ 6 ಮಿ.ಮೀ. ಎಂಎಸ್ ಪ್ಲೇಟಿನ ಎಂಟು ಬ್ರ್ಯಾಕೆಟ್ ಬೇಕಿತ್ತು. ವರ್ಕ್‌ಶಾಪಿನ ಪ್ಲಾಸ್ಮಾ ಟೇಬಲ್ ಮೇಲೆ ಪ್ಲೇಟ್ ಇಟ್ಟೆವು. ಟಾರ್ಚಿಗೆ ಹೊಸ ನಾಜಲ್ ಹಾಕಿ, ಸಾಫ್ಟ್‌ವೇರಿನಲ್ಲಿ ‘ಎಂಎಸ್ 6’ ಅಂತ ಇದ್ದ ಮೆಟೀರಿಯಲ್ ಆರಿಸಿ ಸ್ಟಾರ್ಟ್ ಒತ್ತಿದೆವು. ನೋಡೋಕೆ ಕಟಿಂಗ್ ಚೆನ್ನಾಗೇ ಇತ್ತು. ಆದರೆ 12 ಮಿ.ಮೀ. ಬೋಲ್ಟು ಒಂದು ತೂತಿಗೂ ಇಳಿಯಲಿಲ್ಲ. ಡ್ರಾಯಿಂಗಿನಲ್ಲಿ ತೂತು 12.2, ವರ್ನಿಯರ್ ಇಟ್ಟರೆ 11.8.

ವರ್ಕ್‌ಶಾಪ್ ಸರ್ ಕೇಳಿದ್ದು ಒಂದೇ ಪ್ರಶ್ನೆ: “ಆ ನಂಬರುಗಳು ಯಾವ ನಾಜಲ್‌ದು ಕಣ್ರೋ?” ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಮೆಟೀರಿಯಲ್‌ನಲ್ಲಿ ಏನೇನಿರುತ್ತೆ?

ಮುಖ್ಯವಾಗಿ ಕೆರ್ಫ್ ಅಗಲ, ಪಿಯರ್ಸ್ ಎತ್ತರ, ಪಿಯರ್ಸ್ ಡಿಲೇ, ಕಟ್ ಎತ್ತರ, ಕಟ್ ವೇಗ, ಆಂಪ್ಸ್ ಮತ್ತು ಆರ್ಕ್ ವೋಲ್ಟೇಜ್. ಪ್ಲೇಟನ್ನು ಮೊದಲು ತೂತು ಮಾಡುವಾಗ ಕರಗಿದ ಲೋಹ ಮೇಲಕ್ಕೆ ಸಿಡಿಯುತ್ತದೆ. ಅದು ನಾಜಲ್‌ಗೆ ಅಂಟಬಾರದು ಅಂತ ಪಿಯರ್ಸ್ ಎತ್ತರವನ್ನು ಕಟ್ ಎತ್ತರಕ್ಕಿಂತ ಹೆಚ್ಚು ಇಡುತ್ತಾರೆ. ಕಟ್ ಎತ್ತರ 1.5 ಮಿ.ಮೀ. ಇದ್ದರೆ ಪಿಯರ್ಸ್ 3.8 ಇರಬಹುದು. ವೇಗ ಕಡಿಮೆಯಾದರೆ ಅಡಿಯಲ್ಲಿ ದಪ್ಪ ಡ್ರಾಸ್ ಕಟ್ಟುತ್ತದೆ, ಆದರೆ ತಟ್ಟಿದರೆ ಉದುರುತ್ತದೆ. ವೇಗ ಜಾಸ್ತಿಯಾದರೆ ಸಣ್ಣ ಗೆರೆಯಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಗ್ರೈಂಡರ್ ಹಿಡಿಯಲೇಬೇಕು.

ನಮ್ಮ ಕೈಕೊಟ್ಟಿದ್ದು ಕೆರ್ಫ್. ಪ್ಲಾಸ್ಮಾ ಜ್ವಾಲೆ ಕತ್ತರಿಸುತ್ತಾ ತಿಂದುಹಾಕುವ ಅಗಲವೇ ಕೆರ್ಫ್. ಅದರ ಅರ್ಧದಷ್ಟು ಒಳಗೆ ಸರಿದು ಟಾರ್ಚ್ ತೂತಿನ ಸುತ್ತ ಓಡುತ್ತದೆ. ಸವೆದ ನಾಜಲ್‌ನ ಬಾಯಿ ಅಗಲ. ಯಾರೋ ಅದಕ್ಕೆ ಹೊಂದಲಿ ಅಂತ ಕೆರ್ಫನ್ನು 1.9 ಮಾಡಿ, ಅದೇ ಹೆಸರಿನಲ್ಲಿ ಸೇವ್ ಮಾಡಿದ್ದರು. ಹೊಸ ನಾಜಲ್‌ನ ಕೆರ್ಫ್ 1.5. ಲೆಕ್ಕ ಹಾಕಿ: ಟಾರ್ಚ್ ಓಡಿದ ವ್ಯಾಸ 12.2 ಕಳೆ 1.9, ಅಂದರೆ 10.3. ಅದಕ್ಕೆ ನಿಜವಾದ 1.5 ಕೂಡಿಸಿದರೆ 11.8. ಮಷೀನ್ ಹೇಳಿದ್ದನ್ನೇ ಮಾಡಿತ್ತು!

ಫೈಲ್ ಒಳಗಿನ ಕಥೆ

ನಮ್ಮ ಟೇಬಲ್ ಓಡುವುದು ಲಿನಕ್ಸ್‌ಸಿಎನ್‌ಸಿಯ ಕ್ಯೂಟಿಪ್ಲಾಸ್ಮಾಸಿ ಮೇಲೆ. ಅದರಲ್ಲಿ ಮೆಟೀರಿಯಲ್‌ಗಳೆಲ್ಲ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿರುತ್ತವೆ, ಪ್ರತಿಯೊಂದಕ್ಕೂ ಒಂದು ನಂಬರು. ಜಿ-ಕೋಡ್‌ನಲ್ಲಿ ‘ಎಂ190 ಪಿ4’ ಅಂತ ಬರೆದರೆ ನಾಲ್ಕನೇ ಮೆಟೀರಿಯಲ್ ಬರುತ್ತದೆ. ವೇಗವನ್ನೂ ಅಂಕಿಯಾಗಿ ಬರೆಯದೆ ಮೆಟೀರಿಯಲ್‌ನಿಂದಲೇ ಓದಿಸಬಹುದು. ಇದರಿಂದ ಅನುಕೂಲ ಏನಂದರೆ, ಒಂದು ಕಡೆ ತಿದ್ದಿದರೆ ಎಲ್ಲ ಪ್ರೋಗ್ರಾಂಗೂ ತಿದ್ದಿದ ಹಾಗೆ. ಅಪಾಯವೂ ಅದೇ. ನಾಲ್ಕನೇ ನಂಬರನ್ನು ಅಳಿಸಿ ಅಲ್ಲಿ 3 ಮಿ.ಮೀ. ಅಲ್ಯೂಮಿನಿಯಂ ತುಂಬಿಸಿದರೆ, ಹಿಂದಿನ ವರ್ಷದ ಪ್ರೋಗ್ರಾಂಗಳು ಯಾವ ಎರರ್ರೂ ಕೊಡದೆ ತಪ್ಪಾಗಿ ಓಡುತ್ತವೆ.

ಇನ್ನೊಂದು ವಿಷಯ. ಫೈಲಿನಲ್ಲಿ 45 ಆಂಪ್ಸ್ ಇದೆ ಅಂದಮಾತ್ರಕ್ಕೆ ಪ್ಲಾಸ್ಮಾ ಪವರ್ ಸೋರ್ಸ್ 45ಕ್ಕೆ ಬರುವುದಿಲ್ಲ. ಕಂಟ್ರೋಲರ್‌ಗೂ ಪವರ್ ಸೋರ್ಸ್‌ಗೂ ಕಮ್ಯುನಿಕೇಶನ್ ಕೇಬಲ್ ಇಲ್ಲದಿದ್ದರೆ ಆ ಅಂಕಿ ಆಪರೇಟರ್‌ಗೆ ಬರೆದಿಟ್ಟ ಚೀಟಿ ಅಷ್ಟೇ. ನಾಬ್ ನಾವೇ ತಿರುಗಿಸಬೇಕು.

ವೋಲ್ಟೇಜ್ ಕೂಡ ಸ್ಥಿರವಲ್ಲ. ಟಾರ್ಚ್ ಎಷ್ಟು ಎತ್ತರದಲ್ಲಿದೆ ಅಂತ ಟಾರ್ಚ್ ಹೈಟ್ ಕಂಟ್ರೋಲ್ ತಿಳಿಯುವುದು ಆರ್ಕ್ ವೋಲ್ಟೇಜ್‌ನಿಂದ. ಎಲೆಕ್ಟ್ರೋಡ್ ಸವೆದು ಗುಳಿ ಬಿದ್ದಂತೆ ಆರ್ಕ್ ಉದ್ದವಾಗಿ, ಅದೇ ಎತ್ತರದಲ್ಲೂ ವೋಲ್ಟೇಜ್ ಏರುತ್ತದೆ. ಹಳೆಯ ಅಂಕಿಯನ್ನೇ ಹಿಡಿದುಕೊಂಡ ಕಂಟ್ರೋಲರ್, ಟಾರ್ಚ್ ಮೇಲೆ ಹೋಗಿದೆ ಅಂದ್ಕೊಂಡು ಕೆಳಕ್ಕೆ ತಳ್ಳುತ್ತದೆ. ಕೊನೆಗೆ ನಾಜಲ್ ಪ್ಲೇಟಿಗೆ ಉಜ್ಜುತ್ತದೆ. ಅದಕ್ಕೇ ಪ್ರತಿ ಕಟ್‌ನ ಶುರುವಿನಲ್ಲಿ ವೋಲ್ಟೇಜ್ ಅಳೆದು ಅದನ್ನೇ ಗುರಿಯಾಗಿಟ್ಟುಕೊಳ್ಳುವ ಆಟೋ ವೋಲ್ಟ್ಸ್ ಆಯ್ಕೆ ಇದೆ.

ಈಗ ನಾವು ಮಾಡ್ತಿರೋದು

1. ತಯಾರಕರ ಕಟ್ ಚಾರ್ಟಿನ ಅಂಕಿಗಳಿರುವ ಮೂಲ ಮೆಟೀರಿಯಲ್ ಮುಟ್ಟಲ್ಲ. ಬದಲಾವಣೆ ಬೇಕಾದರೆ ಹೊಸ ನಂಬರಿನಲ್ಲಿ ನಕಲು.
2. ಹೆಸರಿನಲ್ಲೇ ಲೋಹ, ದಪ್ಪ, ಆಂಪ್ಸ್, ನಾಜಲ್ ಇರಬೇಕು. ‘ಟೆಸ್ಟ್’, ‘ಟೆಸ್ಟ್ ಫೈನಲ್’ ನಿಷೇಧ!
3. ಒಮ್ಮೆ ಕೊಟ್ಟ ನಂಬರು ಬೇರೆ ಮೆಟೀರಿಯಲ್‌ಗೆ ಇಲ್ಲ.
4. ಕೆರ್ಫ್ ಲೆಕ್ಕ ಕ್ಯಾಮ್‌ನಲ್ಲಿ ಅಥವಾ ಕಂಟ್ರೋಲರ್‌ನಲ್ಲಿ, ಒಂದೇ ಕಡೆ. ಎರಡೂ ಕಡೆ ಹಾಕಿದರೆ ಎರಡು ಸಲ ಕಳೆಯುತ್ತದೆ.
5. ನಾಜಲ್ ಬದಲಿಸಿದಾಗ ತುಂಡು ಪ್ಲೇಟಿನಲ್ಲಿ ಒಂದು ಚೌಕ ಕತ್ತರಿಸಿ ಅಳೆಯುತ್ತೇವೆ. ಯಾರು, ಯಾವತ್ತು, ಏನು ಬದಲಿಸಿದರು ಅಂತ ಟೇಬಲ್ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೀತೇವೆ.
6. ಟೆಕ್ಸ್ಟ್ ಫೈಲ್ ತಾನೇ, ಗಿಟ್‌ನಲ್ಲೂ ಇಟ್ಟಿದ್ದೇವೆ.

ಆ ಎಂಟು ಬ್ರ್ಯಾಕೆಟ್‌ಗಳನ್ನು ಕೊನೆಗೆ ರೀಮರ್ ಹಿಡಿದು ಸರಿಮಾಡಿದೆವು. ಒಂದೊಂದು ತೂತಿಗೂ ಬೆವರು ಇಳಿಯಿತು. ಕೆರ್ಫ್ ಬದಲಿಸಿದವರು ತಪ್ಪು ಮಾಡಿದ್ದರು ಅಂತ ನಮಗೆ ಅನ್ನಿಸಲ್ಲ. ಅವತ್ತಿನ ನಾಜಲ್‌ಗೆ 1.9 ಸರಿಯೇ ಇತ್ತು. ಯಾವ ನಾಜಲ್ ಅಂತ ಬರೆಯಲಿಲ್ಲ, ಅಷ್ಟೇ. ಮುಂದಿನ ಬ್ಯಾಚಿನ ಜೂನಿಯರ್ಸ್, ನೋಟ್‌ಬುಕ್ ಟೇಬಲ್ ಪಕ್ಕದಲ್ಲೇ ಇದೆ. ಪೆನ್ ಮಾತ್ರ ನೀವೇ ತನ್ನಿ.