ನಿಮಗಿದು ಗೊತ್ತೆ? ವಾಡಿಕೆ ಮಳೆಯೂ ಬದಲಾಗುತ್ತದೆ!

ಮಳೆ 'ವಾಡಿಕೆಗಿಂತ ಕಡಿಮೆ' ಎಂದು ಓದುತ್ತೀರಲ್ಲ, ಆ ವಾಡಿಕೆಯೇ ಆಗಾಗ ಬದಲಾಗುತ್ತದೆ. ಜೂನ್‌–ಸೆಪ್ಟೆಂಬರ್‌ ಅವಧಿಗೆ ದೇಶದ ವಾಡಿಕೆ ಮಳೆ 88 ಸೆಂ.ಮೀ. ಇತ್ತು. ಅದು 1961–2010ರ ಸರಾಸರಿ. 2022ರಲ್ಲಿ ಹವಾಮಾನ ಇಲಾಖೆ 1971–2020ರ ಲೆಕ್ಕ ಹಿಡಿದು ಅದನ್ನು 87ಕ್ಕೆ ಇಳಿಸಿತು. ಹಿಂದೆ ತುಸು ಕಡಿಮೆ ಎನಿಸುತ್ತಿದ್ದ ಮಳೆ ಈಗ ಸರಿಯಾಗಿ ವಾಡಿಕೆ!

ಒಂದು ಊರಿನ ಹವಾಗುಣ ಹೇಳಲು 30 ವರ್ಷಗಳ ದಾಖಲೆ ಬೇಕು ಎನ್ನುತ್ತದೆ ವಿಶ್ವ ಹವಾಮಾನ ಸಂಸ್ಥೆ. ಹತ್ತೇ ವರ್ಷದ ಅಂಕಿ ಹಿಡಿದರೆ ಒಂದು ಬರ, ಒಂದು ನೆರೆ ಸಾಕು, ಸರಾಸರಿ ಹಳಿ ತಪ್ಪುತ್ತದೆ.

ಉಡುಪಿ ಜಿಲ್ಲೆ ಕಾಪು ತಾಲೂಕಿನ ಇನ್ನಂಜೆಯಂಥ ಗ್ರಾಮಗಳಿಗೆ ಇದೇ ತೊಡಕು. ರಾಜ್ಯದ ಪಂಚಾಯತ್‌ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಬಲು ಚುರುಕು, ಆದರೆ ವಯಸ್ಸು ಸಾಲದು. ಜಿಲ್ಲೆ, ತಾಲೂಕಿನ ಲೆಕ್ಕವೂ ಹಳೆಯದಲ್ಲ: ಉಡುಪಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಕಾಪು ತಾಲೂಕು ಅದಕ್ಕಿಂತಲೂ ಕಿರಿಯದು. ಹಾಗಾಗಿ ಕಾರ್ಕಳ, ಉಡುಪಿ, ಕುಂದಾಪುರದ ಹಳೆಯ ಮಳೆಮಾಪಕಗಳ ನೀರನ್ನು ದಿನವೂ ಬೆಳಗ್ಗೆ ಗಾಜಿನ ಅಳತೆಪಾತ್ರೆಗೆ ಸುರಿದು ಬರೆದಿಟ್ಟ ಅಂಕಿಗಳಿಗೇ ಬೆಲೆ ಹೆಚ್ಚು.

ಅಂದಹಾಗೆ, ಇಲಾಖೆಯ 'ಮಳೆ ದಿನ' ಮುಗಿಯುವುದು ಮಧ್ಯರಾತ್ರಿಗಲ್ಲ, ಬೆಳಗ್ಗೆ 8.30ಕ್ಕೆ.